ಕಾಣೆಯಾದ ಓರೆಗೆರೆಗಳು: ವಿಂಡೋಸ್ ಮತ್ತು ಉಬುಂಟು ನಡುವೆ ಒಂದು ಬಿಲ್ಡ್ ಸೆಟ್ಟಿಂಗ್‌ನ ಪ್ರಕರಣ ಅಧ್ಯಯನ

ನಮ್ಮ ತಂದೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಒಕ್ಕಲುತನ ಮಾಡುತ್ತಲೇ ಹೊಲಮನೆಯ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ವರ್ಷಾನುಗಟ್ಟಲೆ ಬರೆದಿಡುತ್ತ ಬಂದವರು. ರಂಟೆ, ಕುಂಟೆ, ಕೂರಿಗೆ, ಹಂತಿ, ಮೇಟಿ, ಹಗೇವು, ಬಾರಕೋಲು, ಮಿಣಿ ಮುಂತಾದ ಪದಗಳು, ಪ್ರತಿಯೊಂದರ ಮುಂದೆ ಒಂದೆರಡು ಸಾಲಿನ ವಿವರಣೆ. ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿರುವ ಅಕ್ಕನ ಮಗಳು ಕಳೆದ ರಜೆಯಲ್ಲಿ ಊರಿಗೆ ಹೋದಾಗ ಆ ನೋಟ್‌ಬುಕ್ಕನ್ನು ತಂದಳು. ಪದಗಳನ್ನೆಲ್ಲ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅವನ್ನು ಅಕಾರಾದಿಯಾಗಿ ಜೋಡಿಸಲು ಸಿ++ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಳು. ಆ ಪ್ರೋಗ್ರಾಂ ಅವಳ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗುತ್ತಿತ್ತು, ಅಂದರೆ ಕೋಡ್‌ನಿಂದ ಓಡಿಸಬಹುದಾದ ಪ್ರೋಗ್ರಾಂ ತಯಾರಾಗುತ್ತಿತ್ತು; ಲಿನಕ್ಸ್ ಬಗೆಯ ನನ್ನ ಉಬುಂಟುವಿನಲ್ಲಿ ಆಗುತ್ತಿರಲಿಲ್ಲ. ನಾನು ಸರಿಪಡಿಸಿ ಕಳಿಸಿದರೆ ನನ್ನಲ್ಲಿ ಆಗುತ್ತಿತ್ತು, ಅವಳಲ್ಲಿ ನಿಲ್ಲುತ್ತಿತ್ತು. ಮೂರು ವಾರ ಹೀಗೆ ಎಳೆದಾಡಿದ ಮೇಲೆ ಎಲ್ಲ ಸರಿಹೋಯಿತು. ಎಲ್ಲಿ ಏನು ಕೆಟ್ಟಿತ್ತು, ನಾವು ಎಲ್ಲಿ ತಪ್ಪಾಗಿ ಊಹಿಸಿದೆವು, ಕೊನೆಗೆ ಯಾವ ಪರೀಕ್ಷೆಯಿಂದ ನಿಜ ತಿಳಿಯಿತು ಎಂಬುದನ್ನು ಇಲ್ಲಿ ಕ್ರಮವಾಗಿ ದಾಖಲಿಸುತ್ತಿದ್ದೇನೆ.

ಪದಗಳನ್ನು ಜೋಡಿಸಲು ಬೇರೆ ಪ್ರೋಗ್ರಾಂ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಮೊದಲು ಉತ್ತರಿಸಬೇಕು. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳು ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಇವೆಯಾದರೂ ಳಕಾರ ಮಾತ್ರ ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲೇ ಬಂದು ಕುಳಿತಿದೆ. ನಮ್ಮ ನಿಘಂಟುಗಳಲ್ಲಿ ಳಕಾರಕ್ಕೆ ಹಕಾರದ ಆಚೆಗೆ, ಕೊನೆಯಲ್ಲಿ ಸ್ಥಾನ. ಹಾಗಾಗಿ ಬರೀ ಕೋಡ್ ಸಂಖ್ಯೆಯ ಮೇಲೆ ಜೋಡಿಸಿದರೆ 'ಕಾಳು' ಎಂಬುದು 'ಕಾವಲಿ'ಗಿಂತ ಮೊದಲು ಬರುತ್ತದೆ. ತನ್ನ ಅಜ್ಜನ ಪದಪಟ್ಟಿಯಲ್ಲಿ ಇದು ಹಾಗೆಯೇ ಉಳಿಯುವುದು ಹುಡುಗಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ಅವಳು ಅಕ್ಷರಕ್ರಮದ ತನ್ನದೇ ಕೋಷ್ಟಕವನ್ನು ಒಂದು ಹೆಡರ್ ಫೈಲ್‌ನಲ್ಲಿ (ಬೇರೆ ಕೋಡ್ ಫೈಲ್‌ಗಳು ತಮ್ಮೊಳಗೆ ಸೇರಿಸಿಕೊಳ್ಳುವ ಫೈಲ್) ಬರೆದು, ಅದನ್ನು ಬಳಸುವ ನಾಲ್ಕು ಸಿ++ ಫೈಲ್‌ಗಳನ್ನು 'ಮೂಲ' ಎಂಬ ಫೋಲ್ಡರ್‌ನಲ್ಲಿ ಇಟ್ಟಿದ್ದಳು. ಮುಖ್ಯ ಫೈಲಿನ ಹೆಸರು 'ಪದ'. ಫೋಲ್ಡರ್ ಮತ್ತು ಫೈಲ್ ಎರಡರ ಹೆಸರನ್ನೂ ಇಂಗ್ಲಿಷ್ ಲಿಪಿಯಲ್ಲಿ, ಸಣ್ಣಕ್ಷರಗಳಲ್ಲಿ ಬರೆದಿದ್ದಳು. ಈ ಎರಡು ಹೆಸರುಗಳು ಮುಂದೆ ನಮ್ಮಿಬ್ಬರನ್ನೂ ದಾರಿ ತಪ್ಪಿಸಿದವು.

ಇಬ್ಬರ ಎಡಿಟರ್ ಒಂದೇ, ವಿಎಸ್ ಕೋಡ್. ಅವಳದು ವಿಂಡೋಸ್ 11, ಅದರಲ್ಲಿ ಎಂಎಸ್‌ವೈಎಸ್2 ಎಂಬ ಪ್ರೋಗ್ರಾಮಿಂಗ್ ಸಲಕರಣೆಗಳ ಕಟ್ಟಿನ ಮೂಲಕ ಹಾಕಿಕೊಂಡ ಜಿ++ ಕಂಪೈಲರ್ (ಕೋಡನ್ನು ಪ್ರೋಗ್ರಾಂ ಆಗಿ ಬದಲಿಸುವ ಸಾಧನ). ನನ್ನದು ಉಬುಂಟು 22.04, ಅದರ ಜೊತೆಗೇ ಸಿಗುವ ಜಿಸಿಸಿ 11 (ಜಿ++ ಇದರದೇ ಭಾಗ). ಪ್ರಾಜೆಕ್ಟ್ ಗಿಟ್‌ನಲ್ಲಿತ್ತು (ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿ ಹಂಚಿಕೊಳ್ಳುವ ವ್ಯವಸ್ಥೆ). ಅವಳು ಕರ್ವೇನಗರದ ಹಾಸ್ಟೆಲ್‌ನಲ್ಲಿ, ನಾನು ವಾರ್ಜೆಯಲ್ಲಿ. ವಾರದ ದಿನಗಳಲ್ಲಿ ನನಗೆ ಹಿಂಜವಡಿಯ ಓಡಾಟ ಇರುವುದರಿಂದ ಭಾನುವಾರಗಳಂದು ಮಾತ್ರ ಎರಡೂ ಲ್ಯಾಪ್‌ಟಾಪ್‌ಗಳು ಊಟದ ಮೇಜಿನ ಮೇಲೆ ಪಕ್ಕಪಕ್ಕ ಕೂಡುತ್ತಿದ್ದವು.

ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಬಿ ಒತ್ತಿದಾಗ ಏನಾಗಬೇಕು ಎಂಬುದು ಪ್ರಾಜೆಕ್ಟಿನ 'ಡಾಟ್ ವಿಎಸ್‌ಕೋಡ್' ಫೋಲ್ಡರ್‌ನೊಳಗಿನ ಟಾಸ್ಕ್ಸ್ ಡಾಟ್ ಜೇಸನ್ ಎಂಬ ಫೈಲಿನಲ್ಲಿ ಇರುತ್ತದೆ. ಯಾವ ಕಮಾಂಡ್ ಓಡಿಸಬೇಕು, ಅದಕ್ಕೆ ಯಾವ ಆರ್ಗ್ಯುಮೆಂಟುಗಳನ್ನು (ಜೊತೆಗೆ ಹೇಳುವ ಫೈಲ್ ಹೆಸರು, ಸೂಚನೆಗಳು) ಕೊಡಬೇಕು, ಆ ಕಮಾಂಡನ್ನು ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಮೂಲಕ ಓಡಿಸಬೇಕೋ ನೇರವಾಗಿಯೋ ಎಂಬುದನ್ನೆಲ್ಲ ಅಲ್ಲಿ ಬರೆದಿರುತ್ತಾರೆ. ಅವಳ ಫೈಲಿನಲ್ಲಿ ಟೈಪ್ ಎಂಬಲ್ಲಿ 'ಶೆಲ್' ಎಂದಿತ್ತು. ಕಂಪೈಲರ್‌ನ ಜಾಗದಲ್ಲಿ ಸಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ಪಾಥ್ (ಫೈಲ್ ಇರುವ ಜಾಗದ ವಿಳಾಸ) ಇತ್ತು. ಇನ್‌ಪುಟ್ ಫೈಲ್‌ಗಳಿಗೆ ಫೈಲ್‌ಡಿರ್‌ನೇಮ್ ಎಂಬ ವೇರಿಯೇಬಲ್ (ತೆರೆದಿರುವ ಫೈಲ್ ಇರುವ ಫೋಲ್ಡರ್‌ನ ಪಾಥ್), ಬ್ಯಾಕ್‌ಸ್ಲ್ಯಾಶ್ ಎಂಬ ಓರೆಗೆರೆ (\), ನಂತರ ನಕ್ಷತ್ರ ಚಿಹ್ನೆಯೊಂದಿಗೆ ಸಿಪಿಪಿ ಎಂಬ ವಿಸ್ತರಣೆ, ಅಂದರೆ ಅಲ್ಲಿನ ಎಲ್ಲ ಸಿ++ ಫೈಲ್‌ಗಳು. ಔಟ್‌ಪುಟ್‌ಗೂ ಅದೇ ಬಗೆಯಲ್ಲಿ ವೇರಿಯೇಬಲ್, ಬ್ಯಾಕ್‌ಸ್ಲ್ಯಾಶ್, ಫೈಲಿನ ಹೆಸರು, ಕೊನೆಗೆ ಇಎಕ್ಸ್‌ಇ.

ಮೊದಲ ಭಾನುವಾರ ನಾನು ಪ್ರಾಜೆಕ್ಟನ್ನು ಕ್ಲೋನ್ ಮಾಡಿ (ಅದರ ಪ್ರತಿ ಇಳಿಸಿಕೊಂಡು) ಬಿಲ್ಡ್ ಒತ್ತಿದೆ. ಕಮಾಂಡ್ ಸಿಗಲಿಲ್ಲ ಎಂದು ಉಬುಂಟುವಿನ ಶೆಲ್ ಆದ ಬ್ಯಾಶ್ ಹೇಳಿತು. ವಿಂಡೋಸ್‌ನ ಪಾಥ್ ಉಬುಂಟುವಿನಲ್ಲಿ ಸಿಗುವ ಮಾತೇ ಇಲ್ಲವಾದ್ದರಿಂದ ಆ ಎರರ್ ಅನ್ನು ನಾನು ಪೂರ್ತಿ ಓದಲಿಲ್ಲ. ಪೂರ್ತಿ ಓದಿದ್ದರೆ ಈ ಪ್ರಕರಣ ಅಂದೇ ಮುಗಿಯುತ್ತಿತ್ತು. ಸಿ ಡ್ರೈವ್‌ನ ಪಾಥ್ ಅಳಿಸಿ ನನ್ನ ಕಂಪೈಲರ್‌ನ ಪಾಥ್ ಬರೆದೆ. ಮುಂದಿನ ಎರರ್ ಇನ್‌ಪುಟ್ ಫೈಲ್‌ಗಳು ಸಿಗುತ್ತಿಲ್ಲ ಎಂಬುದಾಗಿತ್ತು. ಆ ಸಾಲಿನ ಬ್ಯಾಕ್‌ಸ್ಲ್ಯಾಶ್ ತೆಗೆದು ಫಾರ್ವರ್ಡ್ ಸ್ಲ್ಯಾಶ್ (/) ಹಾಕಿದೆ. ಅದರ ನಂತರ ಹೆಡರ್ ಫೈಲ್ ಸಿಗುತ್ತಿಲ್ಲ ಎಂಬ ದೂರು ಬಂತು. ಕೋಡ್‌ನಲ್ಲಿ ಹೆಡರ್‌ನ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತಿತ್ತು, ಡಿಸ್ಕ್ ಮೇಲಿನ ಫೈಲಿನ ಹೆಸರು ಸಣ್ಣಕ್ಷರದಿಂದ. ವಿಂಡೋಸ್ ಸಾಮಾನ್ಯವಾಗಿ ಇವೆರಡರಲ್ಲಿ ಭೇದ ಎಣಿಸುವುದಿಲ್ಲ, ಉಬುಂಟು ಎಣಿಸುತ್ತದೆ. ಅದನ್ನೂ ತಿದ್ದಿದೆ. ಇಂಥ ಹೆಸರುಗಳನ್ನು ವಿಂಡೋಸ್‌ನಲ್ಲಿ ಬದಲಾಯಿಸುವವರು ಗಿಟ್‌ನ ಎಂವಿ ಕಮಾಂಡನ್ನೇ ಬಳಸುವುದು ಒಳ್ಳೆಯದು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಬರೀ ಅಕ್ಷರದ ಗಾತ್ರ ಬದಲಾಯಿಸಿದರೆ ಗಿಟ್‌ಗೆ ಅದು ಬದಲಾವಣೆ ಎಂದೇ ಕಾಣದೆ ಹೋಗಬಹುದು.

ಇಷ್ಟಾದ ಮೇಲೆ ಬಿಲ್ಡ್ ಯಶಸ್ವಿ ಎಂದು ಟರ್ಮಿನಲ್ ಹೇಳಿತು. ಆದರೆ ಪ್ರೋಗ್ರಾಂನ ತಪ್ಪು ಹುಡುಕುವ ಡೀಬಗ್ಗರ್ ಓಡಿಸಲು ಹೋದರೆ 'ಮೂಲ' ಫೋಲ್ಡರ್‌ನಲ್ಲಿ 'ಪದ' ಎಂಬ ಪ್ರೋಗ್ರಾಂ ಇಲ್ಲವೇ ಇಲ್ಲ. ಫೋಲ್ಡರ್‌ನ ಹೊರಗೆ, ಒಂದು ಹಂತ ಮೇಲೆ, 'ಮೂಲಪದ' ಎಂಬ ಹೊಸ ಇಎಕ್ಸ್‌ಇ ಫೈಲ್ ಇತ್ತು. ಪದಕೋಶದ ಪ್ರಾಜೆಕ್ಟ್‌ನಲ್ಲಿ 'ಮೂಲಪದ' ಎಂಬ ಹೆಸರು ಯಾರಿಗೂ ಅಸಹಜ ಎನಿಸುವುದಿಲ್ಲ. ಅವಳೇ ಈ ಹೆಸರನ್ನು ಎಲ್ಲೋ ಇಟ್ಟಿದ್ದಾಳೆ ಎಂದು ನಾನು ತಿಳಿದೆ. ಡೀಬಗ್ಗರ್‌ನ ಸೆಟ್ಟಿಂಗ್ ಇರುವ ಲಾಂಚ್ ಡಾಟ್ ಜೇಸನ್ ಫೈಲಿನಲ್ಲಿ ಪ್ರೋಗ್ರಾಂನ ಹೆಸರನ್ನು 'ಮೂಲಪದ' ಎಂದು ಬದಲಿಸಿ, ಎಲ್ಲವನ್ನೂ ಪುಶ್ ಮಾಡಿ, ಕೆಲಸ ಮುಗಿಯಿತೆಂದು ಅವಳಿಗೆ ತಿಳಿಸಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಕಾರಣ ಗೊತ್ತಿಲ್ಲದೆ ಹುಟ್ಟಿದ ಒಂದು ಫೈಲಿಗೆ ತಕ್ಕಂತೆ ಉಳಿದ ಸೆಟ್ಟಿಂಗುಗಳನ್ನು ಹೊಂದಿಸಿಬಿಟ್ಟೆ. ಸೋರುವ ಜಾಗ ಹುಡುಕದೆ ಕೆಳಗೊಂದು ಕೊಡ ಇಟ್ಟ ಹಾಗೆ ಅದು.

ಅವಳ ಕಡೆ ಮರುದಿನವೇ ಬಿಲ್ಡ್ ನಿಂತಿತು. ಉಬುಂಟುವಿನ ಪಾಥ್ ವಿಂಡೋಸ್‌ನಲ್ಲಿ ಎಲ್ಲಿಂದ ಬರಬೇಕು? ಅವಳು ತನ್ನ ಪಾಥ್ ಹಿಂತಿರುಗಿಸಿದಳು, ನಾನು ನನ್ನದನ್ನು. ಎರಡು ಮೂರು ದಿನ ಗಿಟ್‌ನ ಇತಿಹಾಸದಲ್ಲಿ ಇದೇ ಒಂದು ಸಾಲು ಹಿಂದೆ ಮುಂದೆ ಓಡಾಡಿತು. ಕೊನೆಗೆ ಪೂರ್ತಿ ಪಾಥ್ ಬಿಟ್ಟು ಬರೀ 'ಜಿ++' ಎಂದಷ್ಟೇ ಬರೆಯೋಣ, ಎರಡೂ ಯಂತ್ರಗಳು ತಮ್ಮ ತಮ್ಮ ಪಾಥ್ ಪಟ್ಟಿಯಿಂದ (ಪ್ರೋಗ್ರಾಂಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ಅದನ್ನು ಹುಡುಕಿಕೊಳ್ಳಲಿ ಎಂದು ತೀರ್ಮಾನಿಸಿದೆವು. ಆ ತೀರ್ಮಾನ ಸರಿಯೇ ಇತ್ತು. ಆದರೆ ಅದರೊಳಗೆ ಇನ್ನೊಂದು ತೊಡಕು ಅಡಗಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಭಾನುವಾರ ಅವಳು ಬಂದಾಗ ಮುಖ ಸಪ್ಪಗಿತ್ತು. "ಮಾಮಾ, ನಿನ್ನೆ ತನಕ ಓಡ್ತಿತ್ತು. ಇವತ್ತ ನನ್ನ ಕಡೆನೂ ಓಡವಲ್ದು. ನಾ ಏನೂ ಮುಟ್ಟಿಲ್ಲ," ಎಂದಳು. ಈ ಬಾರಿ ನಾನು ಸೆಟ್ಟಿಂಗ್ ಫೈಲ್ ತೆರೆಯಲಿಲ್ಲ. ಎರರ್ ಸಾಲನ್ನು ಒಂದೊಂದೇ ಅಕ್ಷರವಾಗಿ ಜೋರಾಗಿ ಓದು ಎಂದೆ. ಅವಳು ಓದಿದಳು: ಸಿ, ಕೋಲನ್, ಯೂಸರ್ಸ್, ಅದಕ್ಕೆ ಅಂಟಿಕೊಂಡೇ ಅವಳ ಹೆಸರು, ಅದಕ್ಕೆ ಅಂಟಿಕೊಂಡೇ ಡಾಕ್ಯುಮೆಂಟ್ಸ್, ಅದಕ್ಕೆ ಅಂಟಿಕೊಂಡೇ ಪದಕೋಶ, ಮೂಲ, ಆಮೇಲೆ ಒಂದು ಫಾರ್ವರ್ಡ್ ಸ್ಲ್ಯಾಶ್, ನಕ್ಷತ್ರ, ಸಿಪಿಪಿ. ಅಂಥ ಫೈಲ್ ಇಲ್ಲ ಎಂಬುದು ಕಂಪೈಲರ್‌ನ ದೂರು. ಇಡೀ ಪಾಥ್ ಒಂದೇ ಉದ್ದದ ಶಬ್ದವಾಗಿತ್ತು. ಮಧ್ಯದ ಓರೆಗೆರೆಗಳು ಒಂದೂ ಇರಲಿಲ್ಲ. ನಾನು ಕೈಯಿಂದ ಹಾಕಿದ್ದ ಫಾರ್ವರ್ಡ್ ಸ್ಲ್ಯಾಶ್ ಒಂದೇ ಉಳಿದಿತ್ತು.

"ಈ ವಾರದಾಗ ಹೊಸಾದೇನರ ಹಾಕೀಯೇನವಾ?" ಎಂದು ಕೇಳಿದೆ. "ಲ್ಯಾಬಿನ್ಯಾಗ ಎಲ್ಲಾರೂ ಗಿಟ್ ಬ್ಯಾಶ್ ಡಿಫಾಲ್ಟ್ ಮಾಡ್ಕೊಂಡ್ರು, ನಾನೂ ಮಾಡ್ಕೊಂಡೆ. ಅದು ಬರೇ ಟರ್ಮಿನಲ್ ಅಲ್ಲೇನು?" ಎಂದಳು.

ಪ್ರಕರಣ ತಿರುಗಿದ್ದು ಆ ಒಂದು ಮಾತಿನಿಂದ. ವಿಎಸ್ ಕೋಡ್‌ನಲ್ಲಿ ಡಿಫಾಲ್ಟ್ ಟರ್ಮಿನಲ್ ಪ್ರೊಫೈಲ್ ಬದಲಿಸಿದರೆ ನಾವು ಕೈಯಿಂದ ತೆರೆಯುವ ಟರ್ಮಿನಲ್ ಮಾತ್ರವಲ್ಲ, 'ಶೆಲ್' ಬಗೆಯ ಟಾಸ್ಕ್‌ಗಳು ಓಡುವ ಶೆಲ್ ಕೂಡ ಬದಲಾಗುತ್ತದೆ. ಟಾಸ್ಕ್‌ಗಳಿಗೆ ಬೇರೆ ಶೆಲ್ ಬೇಕಿದ್ದರೆ ಆಟೊಮೇಷನ್ ಪ್ರೊಫೈಲ್ ಎಂಬ ಪ್ರತ್ಯೇಕ ಸೆಟ್ಟಿಂಗ್ ಇದೆ, ಅದನ್ನು ನಾವಿಬ್ಬರೂ ಮುಟ್ಟಿರಲಿಲ್ಲ. ಅಲ್ಲಿಯವರೆಗೆ ಅವಳ ಟಾಸ್ಕ್ ವಿಂಡೋಸ್‌ನ ಶೆಲ್ ಆದ ಪವರ್‌ಶೆಲ್‌ನಲ್ಲಿ ಓಡುತ್ತಿತ್ತು, ಈಗ ಗಿಟ್ ಜೊತೆ ಬರುವ ಬ್ಯಾಶ್‌ನಲ್ಲಿ ಓಡತೊಡಗಿತ್ತು. ಪವರ್‌ಶೆಲ್‌ಗೆ ಬ್ಯಾಕ್‌ಸ್ಲ್ಯಾಶ್ ಒಂದು ಸಾಮಾನ್ಯ ಅಕ್ಷರ. ಬ್ಯಾಶ್‌ಗೆ ಹಾಗಲ್ಲ. ಉದ್ಧರಣ ಚಿಹ್ನೆಯ ಒಳಗಿಲ್ಲದ ಬ್ಯಾಕ್‌ಸ್ಲ್ಯಾಶ್ ಕಂಡರೆ ಮುಂದಿನ ಅಕ್ಷರವನ್ನು ಇದ್ದಂತೆಯೇ ತೆಗೆದುಕೊಳ್ಳಬೇಕು ಎಂಬ ಸೂಚನೆಯೆಂದು ಬ್ಯಾಶ್ ತಿಳಿಯುತ್ತದೆ, ಸೂಚನೆ ಪಾಲಿಸಿದ ಮೇಲೆ ಬ್ಯಾಕ್‌ಸ್ಲ್ಯಾಶನ್ನು ಎಸೆದುಬಿಡುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ನಾನು ತಿದ್ದಿದ ಸಾಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಇರಲಿಲ್ಲ ನಿಜ, ಆದರೆ ಫೈಲ್‌ಡಿರ್‌ನೇಮ್ ಎಂಬ ವೇರಿಯೇಬಲ್ ವಿಂಡೋಸ್‌ನಲ್ಲಿ ತನ್ನ ಬೆಲೆಯ ಜೊತೆಗೇ ಅವನ್ನು ಹೊತ್ತು ತರುತ್ತಿತ್ತು.

ಹಾಗಾದರೆ ನನ್ನ ಉಬುಂಟುವಿನಲ್ಲಿ ಹುಟ್ಟಿದ 'ಮೂಲಪದ' ಏನು? ಔಟ್‌ಪುಟ್ ಸಾಲಿನಲ್ಲಿ ನಾನು ತಿದ್ದದೆ ಬಿಟ್ಟಿದ್ದ ಬ್ಯಾಕ್‌ಸ್ಲ್ಯಾಶ್ ಒಂದಿತ್ತು. 'ಮೂಲ', ಓರೆಗೆರೆ, 'ಪದ' ಎಂದು ಇದ್ದದ್ದರಲ್ಲಿ ಬ್ಯಾಶ್ ಓರೆಗೆರೆಯನ್ನು ನುಂಗಿತ್ತು. ಕಂಪೈಲರ್ ತನಗೆ ಹೇಳಿದ ಹೆಸರಿನಲ್ಲಿ, ಹೇಳಿದ ಜಾಗದಲ್ಲಿ ಫೈಲ್ ಬರೆದಿತ್ತು. ಫೋಲ್ಡರ್ ಮತ್ತು ಫೈಲಿನ ಹೆಸರು ಸೇರಿ ಅರ್ಥವಿರುವ ಒಂದು ಕನ್ನಡ ಸಮಾಸವಾಗಿದ್ದೇ ಅದು ತಪ್ಪೆಂದು ನಮ್ಮ ಕಣ್ಣಿಗೆ ಬೀಳದಿರಲು ಕಾರಣ. ಮೊದಲ ದಿನ ನಾನು ಓದದೆ ಬಿಟ್ಟ ಎರರ್ ಸಾಲಿನಲ್ಲೂ ಓರೆಗೆರೆಗಳು ಇರಲಿಲ್ಲವೆಂಬುದು ಗಿಟ್‌ನಲ್ಲಿ ದಾಖಲಾದ ಆ ಹಳೆಯ ಸ್ಥಿತಿಗೆ (ಕಮಿಟ್‌ಗೆ) ಹಿಂದಿರುಗಿ ಮತ್ತೆ ಓಡಿಸಿದಾಗ ಕಂಡಿತು.

ಊಹೆಯಷ್ಟೇ ಸಾಲದು, ನೋಡಿಬಿಡೋಣ ಎಂದು ಒಂದು ಪರೀಕ್ಷೆ ಮಾಡಿದೆವು. ಇಂಥ ತೊಂದರೆಯಲ್ಲಿರುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನೇ, ಏಕೆಂದರೆ ಇದಕ್ಕೆ ಎರಡು ನಿಮಿಷವೂ ಬೇಡ. ಟಾಸ್ಕ್‌ನಲ್ಲಿ 'ಜಿ++' ಇದ್ದ ಜಾಗದಲ್ಲಿ 'ಎಕೋ' ಎಂದು ಬರೆಯಬೇಕು, ಆರ್ಗ್ಯುಮೆಂಟುಗಳನ್ನು ಇದ್ದ ಹಾಗೆಯೇ ಬಿಡಬೇಕು. ಈಗ ಬಿಲ್ಡ್ ಒತ್ತಿದರೆ ಯಾವ ಕಂಪೈಲರೂ ಓಡುವುದಿಲ್ಲ, ಶೆಲ್ ತಾನು ಬಿಡಿಸಿಕೊಂಡ ಆರ್ಗ್ಯುಮೆಂಟುಗಳನ್ನು ತೆರೆಯ ಮೇಲೆ ಮುದ್ರಿಸುತ್ತದೆ. ಟರ್ಮಿನಲ್‌ನ ಮೇಲ್ಗಡೆ 'ಎಕ್ಸಿಕ್ಯೂಟಿಂಗ್ ಟಾಸ್ಕ್' ಎಂದು ಶುರುವಾಗುವ ಸಾಲು ಎಡಿಟರ್ ಕೊಟ್ಟದ್ದು, ಕೆಳಗಿನದು ಶೆಲ್ ತಿಳಿದದ್ದು. ಅವೆರಡನ್ನೂ ಬೆರಳಿಟ್ಟು ಹೋಲಿಸಬೇಕು.

ಅವಳ ಲ್ಯಾಪ್‌ಟಾಪ್‌ನಲ್ಲಿ ಪವರ್‌ಶೆಲ್ ಡಿಫಾಲ್ಟ್ ಇಟ್ಟು ಒತ್ತಿದಾಗ ಓರೆಗೆರೆಗಳೆಲ್ಲ ಉಳಿದವು, ನಕ್ಷತ್ರ ಚಿಹ್ನೆಯೂ ಹಾಗೇ ಉಳಿಯಿತು. ಅದೇ ಲ್ಯಾಪ್‌ಟಾಪ್, ಅದೇ ವಿಂಡೋಸ್, ಗಿಟ್ ಬ್ಯಾಶ್ ಡಿಫಾಲ್ಟ್ ಇಟ್ಟು ಒತ್ತಿದಾಗ ಓರೆಗೆರೆಗಳು ಮಾಯವಾದವು. ನನ್ನ ಉಬುಂಟುವಿನಲ್ಲಿ ಔಟ್‌ಪುಟ್ ಸಾಲಿನ ಓರೆಗೆರೆ ಮಾಯವಾಯಿತು, ಜೊತೆಗೆ ನಕ್ಷತ್ರದ ಜಾಗದಲ್ಲಿ ನಾಲ್ಕು ಸಿಪಿಪಿ ಫೈಲ್‌ಗಳ ಪೂರ್ತಿ ಹೆಸರುಗಳು ಸಾಲಾಗಿ ಬಂದವು. ನಾವು ಒಂದು ವಾರ ಆಪರೇಟಿಂಗ್ ಸಿಸ್ಟಮ್‌ಗಳ ನಡುವಿನ ಜಗಳ ಎಂದುಕೊಂಡದ್ದು ನಿಜಕ್ಕೂ ಶೆಲ್‌ಗಳ ನಡುವಿನದು. ಒಂದೇ ವಿಂಡೋಸ್‌ನಲ್ಲಿ ಎರಡು ಬಗೆಯ ಫಲಿತಾಂಶ ಕಂಡಮೇಲೆ ಅದರಲ್ಲಿ ಅನುಮಾನ ಉಳಿಯಲಿಲ್ಲ.

ಪರಿಹಾರ ಎರಡು ಇದ್ದವು. ಆರ್ಗ್ಯುಮೆಂಟುಗಳಿಗೆ ಉದ್ಧರಣ ಚಿಹ್ನೆ ಹಾಕುವುದು ಒಂದು. ನಡುವಿನಿಂದ ಶೆಲ್ಲನ್ನೇ ತೆಗೆಯುವುದು ಇನ್ನೊಂದು. ಕಂಪೈಲರ್‌ಗೆ ಶೆಲ್‌ನ ಯಾವ ಸೌಲಭ್ಯವೂ ಬೇಡವೆಂದುಕೊಂಡು ಎರಡನೆಯದನ್ನು ಆರಿಸಿಕೊಂಡೆ. ಟೈಪ್ ಎಂಬಲ್ಲಿ 'ಶೆಲ್' ಬದಲು 'ಪ್ರೊಸೆಸ್' ಎಂದು ಬರೆದರೆ ಎಡಿಟರ್ ಆರ್ಗ್ಯುಮೆಂಟುಗಳನ್ನು ಒಂದೊಂದಾಗಿ ನೇರವಾಗಿ ಕಂಪೈಲರ್‌ನ ಕೈಗೆ ಕೊಡುತ್ತದೆ. ಡಿಫಾಲ್ಟ್ ಟರ್ಮಿನಲ್ ಯಾವುದಿದ್ದರೂ ಬಿಲ್ಡ್‌ಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ, ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ತೊಂದರೆ ಇಲ್ಲ. ಔಟ್‌ಪುಟ್ ಸಾಲಿಗೂ ಫಾರ್ವರ್ಡ್ ಸ್ಲ್ಯಾಶ್ ಹಾಕಿದೆವು. ವಿಂಡೋಸ್ ಫೈಲ್‌ಗಳ ಪಾಥ್‌ನಲ್ಲಿ ಫಾರ್ವರ್ಡ್ ಸ್ಲ್ಯಾಶನ್ನು ಒಪ್ಪುತ್ತದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಲಾಂಚ್ ಫೈಲಿನಿಂದ 'ಮೂಲಪದ'ವನ್ನು ತೆಗೆದು ಹಳೆಯ ಹೆಸರನ್ನೇ ಮರಳಿ ಬರೆದೆ.

ಅವಳಲ್ಲಿ ಬಿಲ್ಡ್ ಆಯಿತು. ನನ್ನಲ್ಲಿ ನಿಂತಿತು. ನಕ್ಷತ್ರ ಚಿಹ್ನೆ ಇರುವ ಹೆಸರಿನ ಫೈಲ್ ಇಲ್ಲ ಎಂದು ಜಿ++ ಹೇಳಿತು. ಎಕೋ ಪರೀಕ್ಷೆ ಇದರ ಉತ್ತರವನ್ನು ಮೊದಲೇ ತೋರಿಸಿತ್ತು. ಉಬುಂಟುವಿನಲ್ಲಿ ನಕ್ಷತ್ರವನ್ನು ಫೈಲ್‌ಗಳ ಹೆಸರಾಗಿ ಬಿಡಿಸುವ ಕೆಲಸ ಬ್ಯಾಶ್‌ನದು, ಕಂಪೈಲರ್‌ಗೆ ಅದು ಗೊತ್ತಿಲ್ಲ. ವಿಂಡೋಸ್‌ನಲ್ಲಿ ಪವರ್‌ಶೆಲ್ ಆ ಕೆಲಸ ಮಾಡುವುದಿಲ್ಲ, ಅಲ್ಲಿನ ಜಿ++ ತಾನೇ ಬಿಡಿಸಿಕೊಳ್ಳುತ್ತದೆ. ಶೆಲ್ಲನ್ನು ತೆಗೆದ ಕೂಡಲೇ ಉಬುಂಟುವಿನಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲದಂತಾಯಿತು. ನಕ್ಷತ್ರ ಬಿಟ್ಟು ನಾಲ್ಕೂ ಫೈಲ್‌ಗಳ ಹೆಸರನ್ನು ಒಂದೊಂದಾಗಿ ಬರೆದೆವು. ಅಂದು ಸಂಜೆ ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಸೆಟ್ಟಿಂಗ್ ಫೈಲ್‌ನಿಂದ ಮೊದಲ ಸಲ ಬಿಲ್ಡ್ ಆಯಿತು.

ಮುಂದಿನ ತೊಂದರೆ ನನ್ನಿಂದಲೇ ಬಂತು. ಕನ್ನಡದ ಪದಪಟ್ಟಿಯ ಫೈಲಿಗೆ ಇಂಗ್ಲಿಷ್ ಲಿಪಿಯ ಹೆಸರು ಯಾಕಿರಬೇಕು ಎನಿಸಿ ಅದನ್ನು 'ಪದಗಳು' ಎಂದು ಕನ್ನಡ ಲಿಪಿಯಲ್ಲಿ ಬದಲಿಸಿ, ಕೋಡ್‌ನಲ್ಲೂ ತಿದ್ದಿ ಕಳಿಸಿದೆ. ಉಬುಂಟುವಿನಲ್ಲಿ ಫೈಲ್‌ಗಳ ಹೆಸರು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಒಂದು ಬಗೆ) ಬೈಟ್‌ಗಳಾಗಿಯೇ ಇರುವುದರಿಂದ ನನ್ನಲ್ಲಿ ಏನೂ ಆಗಲಿಲ್ಲ. ಅವಳಲ್ಲಿ ಬಿಲ್ಡ್ ಆಗುತ್ತಿತ್ತು, ಪ್ರೋಗ್ರಾಂ ಮಾತ್ರ ಫೈಲನ್ನು ತೆರೆಯಲಾರದೆ ನಿಲ್ಲುತ್ತಿತ್ತು. ವಿಂಡೋಸ್‌ನಲ್ಲಿ ಹಳೆಯ ಮಾದರಿಯಲ್ಲಿ ಫೈಲ್ ತೆರೆಯುವಾಗ ಹೆಸರಿನ ಬೈಟ್‌ಗಳನ್ನು ಆ ಯಂತ್ರದ ಎಎನ್‌ಎಸ್‌ಐ ಕೋಡ್ ಪೇಜ್‌ನಂತೆ (ಯಾವ ಬೈಟ್ ಯಾವ ಅಕ್ಷರ ಎಂಬ ಹಳೆಯ ಕೋಷ್ಟಕ) ಓದಲಾಗುತ್ತದೆ. ಅವಳ ಯಂತ್ರದಲ್ಲಿ ಅದು 1252, ಪಶ್ಚಿಮ ಯುರೋಪಿನ ಲಿಪಿಗಳಿಗೆ ಮಾಡಿದ್ದು. ಕನ್ನಡಕ್ಕೆ ಅಂಥ ಕೋಡ್ ಪೇಜ್ ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ, ಅಲ್ಲಿ ಕನ್ನಡ ಬಂದದ್ದೇ ಯೂನಿಕೋಡ್ ಮೂಲಕ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿಯೊಂದು ಕೋಡ್ ಬಿಂದುವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಆ ಮೂರನ್ನೂ ಬಿಡಿ ಅಕ್ಷರಗಳೆಂದು ಓದಿದ ವಿಂಡೋಸ್ ಎಲ್ಲೂ ಇಲ್ಲದ ಒಂದು ಹೆಸರನ್ನು ಹುಡುಕುತ್ತಿತ್ತು. ಟರ್ಮಿನಲ್‌ನಲ್ಲಿ 'ಒಟ್ಟು ಪದಗಳು' ಎಂದು ಬರಬೇಕಾದ ಕಡೆ ವಿಚಿತ್ರ ಚಿಹ್ನೆಗಳ ಸಾಲು ಬರುತ್ತಿದ್ದುದಕ್ಕೂ ಇಂಥದೇ ಕಾರಣ. ಅದು ತೋರಿಕೆಯ ದೋಷವಷ್ಟೇ, ಟರ್ಮಿನಲ್‌ನ ಕೋಡ್ ಪೇಜನ್ನು 65001ಕ್ಕೆ ಬದಲಿಸಿದರೆ ಕನ್ನಡ ಸರಿಯಾಗಿ ಮೂಡುತ್ತದೆ.

ಹೆಸರನ್ನು ಮತ್ತೆ ಇಂಗ್ಲಿಷ್ ಲಿಪಿಗೆ ತಿರುಗಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಅವಳು ಒಪ್ಪಲಿಲ್ಲ. ಅವಳು ಒಪ್ಪದಿದ್ದುದು ನನಗೆ ನಿಜವಾಗಿ ಸಂತೋಷ ಕೊಟ್ಟಿತು. ಸಿ++ 17ರಲ್ಲಿ ಬಂದ ಫೈಲ್‌ಸಿಸ್ಟಮ್ ಗ್ರಂಥಾಲಯದ ಪಾಥ್ ಎಂಬ ಬಗೆಗೆ ಯುಟಿಎಫ್-8 ಹೆಸರನ್ನು ಕೊಟ್ಟರೆ ವಿಂಡೋಸ್‌ನಲ್ಲಿ ಅದು ಯೂನಿಕೋಡ್ ದಾರಿಯಿಂದಲೇ ಫೈಲನ್ನು ತೆರೆಯುತ್ತದೆ. ಕೋಡ್‌ನಲ್ಲಿ ಎರಡೇ ಸಾಲಿನ ಬದಲಾವಣೆ. ನನ್ನಲ್ಲಿ ಓಡಿತು. ಅವಳಲ್ಲಿ ಫೈಲ್‌ಸಿಸ್ಟಮ್ ಎಂಬ ಹೆಡರೇ ಇಲ್ಲ ಎಂದು ಕಂಪೈಲರ್ ಹೇಳಿತು.

ಎಂಎಸ್‌ವೈಎಸ್2ನ ಹೊಸ ಕಂಪೈಲರ್‌ಗೆ ಆ ಹೆಡರ್ ಗೊತ್ತಿಲ್ಲದಿರುವುದು ಸಾಧ್ಯವಿಲ್ಲ. ಹಾಗಾಗಿ ಓಡುತ್ತಿರುವ ಕಂಪೈಲರ್ ಅದಲ್ಲವೇನೋ ಎಂಬ ಸಂಶಯ ಬಂತು. ಯಾವ ಜಿ++ ಎಂದು ನೋಡಲು ಅವಳು ಪವರ್‌ಶೆಲ್‌ನಲ್ಲಿ 'ವೇರ್' ಕಮಾಂಡ್ ಕೊಟ್ಟರೆ ಏನೂ ಬರಲಿಲ್ಲ. ಪವರ್‌ಶೆಲ್‌ನಲ್ಲಿ ಆ ಹೆಸರು ಬೇರೊಂದು ಕಮಾಂಡಿನ ಅಡ್ಡಹೆಸರು, ಹುಡುಕುವ ಕಮಾಂಡ್ ಬೇಕಿದ್ದರೆ ಕೊನೆಗೆ 'ಡಾಟ್ ಇಎಕ್ಸ್‌ಇ' ಎಂದು ಪೂರ್ತಿ ಬರೆಯಬೇಕು. ಹಾಗೆ ಬರೆದಾಗ ಎರಡು ಸಾಲು ಬಂದವು. ಮೊದಲನೆಯದು ಮೊದಲ ವರ್ಷದ ಲ್ಯಾಬ್‌ಗಾಗಿ ಹಾಕಿಕೊಂಡು ಮರೆತಿದ್ದ ಹಳೆಯ ಮಿಂಗ್‌ಡಬ್ಲ್ಯೂ (ವಿಂಡೋಸ್‌ಗಾಗಿ ಮಾಡಿದ ಜಿಸಿಸಿಯ ಕಟ್ಟು), ಅದರೊಳಗಿನ ಜಿಸಿಸಿ 6.3.0. ಎರಡನೆಯದು ಎಂಎಸ್‌ವೈಎಸ್2ನದು. ಫೈಲ್‌ಸಿಸ್ಟಮ್ ಹೆಡರ್ ಜಿಸಿಸಿಯಲ್ಲಿ ಬಂದದ್ದು 8ನೇ ಆವೃತ್ತಿಯಿಂದ. ಪೂರ್ತಿ ಪಾಥ್ ಅಳಿಸಿ ಬರೀ 'ಜಿ++' ಎಂದು ಬರೆದ ದಿನವೇ ಅವಳ ಕಂಪೈಲರ್ ಸದ್ದಿಲ್ಲದೆ ಬದಲಾಗಿತ್ತು. ಅಲ್ಲಿಯವರೆಗಿನ ಕೋಡನ್ನು ಹಳೆಯದೂ ಅರ್ಥಮಾಡಿಕೊಂಡಿತ್ತಾದ್ದರಿಂದ ನಮಗೆ ತಿಳಿದಿರಲಿಲ್ಲ. ಪಾಥ್ ಪಟ್ಟಿಯಿಂದ ಹಳೆಯದನ್ನು ತೆಗೆದೆವು. ತೆಗೆದ ಮೇಲೂ ಅದೇ ಎರರ್ ಬಂದಾಗ ಅವಳು ಗಾಬರಿಯಾದಳು. ಆಗಲೇ ಓಡುತ್ತಿರುವ ಪ್ರೋಗ್ರಾಂಗಳು ಪಾಥ್‌ನ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತವೆ. ವಿಎಸ್ ಕೋಡ್‌ನ ಎಲ್ಲ ವಿಂಡೋಗಳನ್ನೂ ಮುಚ್ಚಿ ಮತ್ತೆ ತೆರೆದಾಗ ಸರಿಹೋಯಿತು.

ಮೂರನೆಯ ವಾರ ಅವಳು ಐದನೆಯ ಸಿಪಿಪಿ ಫೈಲ್ ಸೇರಿಸಿದಳು, ಟಾಸ್ಕ್‌ನ ಪಟ್ಟಿಯಲ್ಲಿ ಅದರ ಹೆಸರು ಬರೆಯುವುದನ್ನು ಮರೆತಳು, ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ತಕರಾರು ಮಾಡಿತು. ಅದಕ್ಕಿಂತ ಮುಖ್ಯವಾಗಿ, ಕಾಲೇಜಿನ ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ವಿಎಸ್ ಕೋಡ್ ಇರಲಿಲ್ಲ. ಪ್ರಾಜೆಕ್ಟನ್ನು ಕಟ್ಟುವ ಬಗೆ ಎಡಿಟರ್‌ನ ಫೈಲಿನೊಳಗೆ ಮಾತ್ರ ಇದ್ದರೆ ಅಲ್ಲಿ ಅದನ್ನು ಕಟ್ಟುವುದು ಹೇಗೆ? ಆ ಕಾರಣಕ್ಕೆ, ಯಾವ ಎಡಿಟರ್‌ನ ಹಂಗೂ ಇಲ್ಲದೆ ಬಿಲ್ಡ್ ಮಾಡಿಸುವ ಸಿಮೇಕ್ ಎಂಬ ಸಾಧನಕ್ಕೆ ಹೋದೆವು. ಐದು ಫೈಲ್‌ಗಳ ಪ್ರೋಗ್ರಾಂಗೆ ಇದು ಹೆಚ್ಚಾಯಿತಲ್ಲವೇ ಎಂದು ನನಗೂ ಅನಿಸಿತ್ತು. ಇಬ್ಬರೇ, ಒಂದೇ ಎಡಿಟರ್‌ನಲ್ಲಿ ಕೆಲಸ ಮಾಡುವವರಾಗಿದ್ದರೆ 'ಪ್ರೊಸೆಸ್' ಬಗೆಯ ಟಾಸ್ಕ್ ಸಾಕಾಗಿತ್ತು, ನಾನು ಅಲ್ಲಿಗೇ ನಿಲ್ಲುತ್ತಿದ್ದೆ. ಸಿಮೇಕ್ ಬಂದರೂ ಫೈಲ್‌ಗಳ ಹೆಸರು ಬರೆಯುವುದು ತಪ್ಪಲಿಲ್ಲ. ಆದರೆ ಪಟ್ಟಿ ಈಗ ಪ್ರಾಜೆಕ್ಟಿನದೇ ಆಗಿ, ಯಾವ ಎಡಿಟರ್‌ಗೂ ಕಾಣುವಂತೆ ಇದೆ.

ಅಲ್ಲಿ ಬಂದ ತೊಡಕುಗಳು ಎರಡೇ. ವಿಂಡೋಸ್‌ನಲ್ಲಿ ಏನೂ ಹೇಳದಿದ್ದರೆ ಸಿಮೇಕ್ ವಿಷುಯಲ್ ಸ್ಟುಡಿಯೋವನ್ನು (ವಿಎಸ್ ಕೋಡ್ ಅಲ್ಲ, ಮೈಕ್ರೋಸಾಫ್ಟ್‌ನ ಬೇರೊಂದು ತಂತ್ರಾಂಶ) ಹುಡುಕಲು ಹೋಗುತ್ತದೆ. ಸಿಮೇಕ್ ಪ್ರಿಸೆಟ್ಸ್ ಎಂಬ ಫೈಲಿನಲ್ಲಿ ಜನರೇಟರ್ (ಸಿಮೇಕ್ ಯಾವ ಬಿಲ್ಡ್ ಸಾಧನವನ್ನು ಬಳಸಬೇಕು ಎಂಬುದು) ಎಂದರೆ ನಿಂಜಾ ಎಂದು ಬರೆದು, ಎರಡೂ ಕಡೆ ನಿಂಜಾ ಹಾಕಿಕೊಂಡೆವು. ಪ್ರಿಸೆಟ್ಸ್ ಸಿಮೇಕ್‌ನ 3.19ರಿಂದ ಇದೆ, ಉಬುಂಟು 22.04ರ ಜೊತೆ ಬರುವುದು 3.22. ಇನ್ನೊಂದು, ಅವಳು ಬಿಲ್ಡ್ ಫೋಲ್ಡರನ್ನು ಕೂಡ ಕಮಿಟ್ ಮಾಡಿಬಿಟ್ಟಿದ್ದಳು. ಅದರೊಳಗಿನ ಕ್ಯಾಶ್ ಫೈಲಿನಲ್ಲಿ ಅವಳ ಯಂತ್ರದ ಪೂರ್ತಿ ಪಾಥ್ ಇದ್ದುದರಿಂದ, ಈ ಕ್ಯಾಶ್ ಬೇರೆ ಫೋಲ್ಡರ್‌ನಲ್ಲಿ ಹುಟ್ಟಿದ್ದು ಎಂದು ನನ್ನ ಸಿಮೇಕ್ ನಿರಾಕರಿಸಿತು. ಆ ಫೋಲ್ಡರನ್ನು ಅಳಿಸಿ, ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿದೆವು. ಈಗ ಟಾಸ್ಕ್ಸ್ ಫೈಲಿನಲ್ಲಿ ಉಳಿದಿರುವುದು ಸಿಮೇಕ್‌ಗೆ ಬಿಲ್ಡ್ ಮಾಡು ಎಂದು ಹೇಳುವ ಒಂದೇ ಕಮಾಂಡ್, ಟೈಪ್ 'ಪ್ರೊಸೆಸ್'. ಪಾಥ್ ಇಲ್ಲ, ಇಎಕ್ಸ್‌ಇ ಇಲ್ಲ, ನಕ್ಷತ್ರ ಇಲ್ಲ.

ಎರಡೂ ಕಡೆ ಬಿಲ್ಡ್ ಆಗುತ್ತಿದೆ ಎಂದಮಾತ್ರಕ್ಕೆ ಎರಡೂ ಕಡೆ ಒಂದೇ ಫಲಿತಾಂಶ ಬರುತ್ತಿದೆ ಎಂದಲ್ಲವಾದ್ದರಿಂದ, ಜೋಡಿಸಿದ ಪದಪಟ್ಟಿಯ ಎರಡು ಪ್ರತಿಗಳನ್ನು ಹೋಲಿಸಿದೆವು. ಅವಳು ಪವರ್‌ಶೆಲ್‌ನ ಗೆಟ್ ಫೈಲ್‌ಹ್ಯಾಶ್‌ನಿಂದ, ನಾನು ಶಾ256ಸಮ್‌ನಿಂದ ಹ್ಯಾಶ್ (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕುವ ಗುರುತಿನ ಸಾಲು) ತೆಗೆದೆವು. ಹೊಂದಲಿಲ್ಲ. ಕಣ್ಣಿಗೆ ಎರಡೂ ಒಂದೇ, ಅವಳ ಫೈಲ್ ಮಾತ್ರ ಒಂದಿಷ್ಟು ದೊಡ್ಡದು. ಸಾಲುಗಳ ಸಂಖ್ಯೆ ಎಷ್ಟಿತ್ತೋ ಸರಿಯಾಗಿ ಅಷ್ಟೇ ಬೈಟ್ ಹೆಚ್ಚು. ಟೆಕ್ಸ್ಟ್ ಮೋಡ್‌ನಲ್ಲಿ ಬರೆಯುವಾಗ ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಒಂದು ಬೈಟ್ ಬದಲು ಎರಡು ಬೈಟ್ ಹಾಕುತ್ತದೆ. ಔಟ್‌ಪುಟ್ ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆಯುವಂತೆ ಕೋಡ್ ತಿದ್ದಿ, ಎರಡೂ ಕಡೆ ಮತ್ತೆ ಬಿಲ್ಡ್ ಮಾಡಿ ಓಡಿಸಿದೆವು. ಅವಳ ತೆರೆಯ ಮೇಲಿನ ಹ್ಯಾಶ್ ದೊಡ್ಡಕ್ಷರದಲ್ಲಿ, ನನ್ನದು ಸಣ್ಣಕ್ಷರದಲ್ಲಿ ಇದ್ದುದರಿಂದ ಅವಳು ಓದುತ್ತ ಹೋದಳು, ನಾನು ಬೆರಳಿಟ್ಟು ನೋಡುತ್ತ ಹೋದೆ. ಅರವತ್ನಾಲ್ಕು ಅಕ್ಷರಗಳೂ ಹೊಂದಿದವು. ಆಮೇಲೆ ಅವಳು ಫೈಲ್ ತೆರೆದು ಕಕಾರದವರೆಗೆ ಸರಿಸಿ, 'ಕಾವಲಿ'ಯ ಕೆಳಗೆ 'ಕಾಳು' ಇರುವುದನ್ನು ನೋಡಿ, ಅದರ ಫೋಟೋ ತೆಗೆದು ಊರಿಗೆ ಅಜ್ಜನ ಫೋನಿಗೆ ಕಳಿಸಿದಳು.